ಊಟಿ ರೈಲಿನ ಬೆನ್ನಿಗೆ ನಿಂತ ‘ಎಕ್ಸ್’

ಊಟಿಯ ಪುಟಾಣಿ ರೈಲು ಹತ್ತಿ ಬಂದೆವೆನ್ನುವ ನಮ್ಮವರಲ್ಲಿ ಬಹಳ ಮಂದಿ ಅದರ ಅಸಲಿ ಇಂಜಿನ್ನನ್ನು ಕಂಡಿರುವುದಿಲ್ಲ. ಬಂಡೀಪುರ, ಗೂಡಲೂರು ದಾಟಿ ಊಟಿ ಸೇರುವ ಮೈಸೂರು ಕಡೆಯವರು ಕೂನೂರಿನವರೆಗೆ ಹೋಗಿ ವಾಪಸಾಗುತ್ತಾರೆ. ಆ ಭಾಗದಲ್ಲಿ ಗಾಡಿ ಎಳೆಯುವುದು ಡೀಸೆಲ್. ಉಗಿಯ ಕಾರುಬಾರು ಕೂನೂರಿನಿಂದ ಕೆಳಕ್ಕೆ, ಮೆಟ್ಟುಪಾಳ್ಯದತ್ತ.

ಅಲ್ಲಿ ದುಡಿಯುವುದು ‘ಎಕ್ಸ್’ ವರ್ಗದ ಟ್ಯಾಂಕ್ ಇಂಜಿನ್. ನೀರಿಗೆಂದು ಹಿಂದೆ ಬೇರೆ ಬಂಡಿಯಿಲ್ಲ, ತೊಟ್ಟಿಗಳೆಲ್ಲ ಇಂಜಿನ್ನಿನ ಮೈಮೇಲೆಯೇ. ಸ್ವಿಟ್ಜರ್ಲೆಂಡಿನ ವಿಂಟರ್‌ಥುರ್‌ನಲ್ಲಿ 1914ರಿಂದ ತಯಾರಾಗಿ ಬಂದವು ಇವು. ಕೊನೆಯ ಕಂತು ಬಂದದ್ದು 1952ರಲ್ಲಿ. ಮೆಟ್ಟುಪಾಳ್ಯ–ಕೂನೂರು ಹಾದಿಯಲ್ಲಿ 1899ರಲ್ಲೇ ರೈಲು ಓಡಿತ್ತು, 1908ರ ಹೊತ್ತಿಗೆ ಅದು ಊಟಿ ಮುಟ್ಟಿತು. ಚರಿತ್ರೆ ಇಷ್ಟು ಸಾಕು. ಇಂಜಿನ್ನಿನ ಪಕ್ಕಕ್ಕೆ ಬಂದು ನಿಲ್ಲೋಣ.

ಸಾಮಾನ್ಯ ಉಗಿ ಇಂಜಿನ್ನಿಗೆ ಒಂದೊಂದು ಮಗ್ಗುಲಲ್ಲಿ ಒಂದು ಸಿಲಿಂಡರ್ ಇದ್ದರೆ, ಇದಕ್ಕೆ ಒಂದರ ಮೇಲೊಂದು ಎರಡು. ಕೆಳಗಿನವು ಕಂಬಿಯ ಮೇಲಿನ ಗಾಲಿಗಳನ್ನು ತಿರುಗಿಸುತ್ತವೆ. ಕಲ್ಲಾರ್ ನಿಲ್ದಾಣ ದಾಟಿದ ಮೇಲೆ ಏರು ಎಷ್ಟೆಂದರೆ, ಸುಮಾರು ಹನ್ನೆರಡು ಅಡಿ ಮುಂದೆ ಸಾಗುವಷ್ಟರಲ್ಲಿ ಒಂದಡಿ ಮೇಲೇರಬೇಕು. ಬರೀ ಗಾಲಿ ಅಲ್ಲಿ ಜಾರುತ್ತದೆ. ಅದಕ್ಕೇ ಎರಡು ಕಂಬಿಗಳ ನಡುವೆ ಹಲ್ಲಿನ ಪಟ್ಟಿಗಳ ಜೋಡಿ. ಒಂದರ ಹಲ್ಲಿದ್ದ ಕಡೆ ಇನ್ನೊಂದರ ಸಂದು. ಇಂಜಿನ್ನಿನ ಹೊಟ್ಟೆಯಡಿಯ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಏರುತ್ತದೆ. ಆ ಹಲ್ಲುಗಾಲಿಯನ್ನು ತಿರುಗಿಸುವುದು ಮೇಲಿನ ಸಿಲಿಂಡರುಗಳು. ಅವಕ್ಕೆ ಬೇರೆ ಉಗಿಯಿಲ್ಲ, ಕೆಳಗಿನವು ಬಳಸಿ ಬಿಟ್ಟದ್ದೇ ಗತಿ. ನಮ್ಮಜ್ಜಿ ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಎತ್ತಿಡುತ್ತಿದ್ದ ಹಾಗೆ! ನಡುವೆ ಗಿಯರ್ ಇರುವುದರಿಂದ ಮೇಲಿನ ಸರಳುಗಳ ಓಟ ಚುರುಕು, ಕೆಳಗಿನವುಗಳದು ನಿಧಾನ. ಒಂದೇ ಮೈಯಲ್ಲಿ ಎರಡು ತಾಳ. ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿದರೆ ಇದು ತಿಳಿಯುವುದಿಲ್ಲ, ಹಲ್ಲಿನ ಹಾದಿಯಲ್ಲೇ ನೋಡಬೇಕು.

ಇಂಜಿನ್ ಎಳೆಯುವುದೂ ಇಲ್ಲ, ಇಳಿಜಾರಿನ ಕಡೆ ನಿಂತು ಬೋಗಿಗಳನ್ನು ಮೇಲಕ್ಕೆ ದೂಡುತ್ತದೆ. ‘ದಿಲ್ ಸೇ’ ಚಿತ್ರದಲ್ಲಿ ಶಾರುಖ್ ಖಾನ್ ಈ ರೈಲಿನ ನೆತ್ತಿಯ ಮೇಲೆ ಕುಣಿದದ್ದು ಎಲ್ಲರಿಗೂ ನೆನಪಿದೆ. ದೂಡುವ ಇಂಜಿನ್ನಿನ ಹೆಸರು ಕೇಳಿದವರಿಲ್ಲ. ಇಂಜಿನ್ ಹಿಂದಿರುವುದರಿಂದ ದಾರಿ ನೋಡಬೇಕಾದವರು ಬೋಗಿಗಳ ಮುಂತುದಿಯಲ್ಲಿ ಬಾವುಟ ಹಿಡಿದು ನಿಂತ ಬ್ರೇಕ್‌ಮನ್‌ಗಳು. ನಡುದಾರಿಯ ಹಿಲ್‌ಗ್ರೋವ್ ನಿಲ್ದಾಣದಲ್ಲಿ ಇಂಜಿನ್ ನೀರು ಕುಡಿಯುವಾಗ ಜನ ಚಹಾ ಕುಡಿಯುತ್ತಾರೆ. ಬೆಳಿಗ್ಗೆ ಮೆಟ್ಟುಪಾಳ್ಯ ಬಿಟ್ಟ ಗಾಡಿ 46 ಕಿ.ಮೀ. ದೂರದ ಊಟಿ ಮುಟ್ಟುವಾಗ ಸುಮಾರು ಐದು ಗಂಟೆ ಕಳೆದಿರುತ್ತದೆ.

ಈ ಇಂಜಿನ್ನಿನ ಬಿಡಿಭಾಗ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಈ ರೈಲುಹಾದಿ 2005ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದರಿಂದ ಮರ್ಯಾದೆ ಹೆಚ್ಚಿತು, ಸವೆದ ಹಲ್ಲು ಮಾತ್ರ ತಾನಾಗಿ ಬೆಳೆಯಲಿಲ್ಲ. ತಿರುಚ್ಚಿಯ ಪೊನ್ಮಲೈ ವರ್ಕ್‌ಶಾಪಿನವರು ಇದೇ ‘ಎಕ್ಸ್’ ವರ್ಗದ ಇಂಜಿನ್‌ಗಳನ್ನು, ಈ ಶತಮಾನದಲ್ಲಿ, ಎಣ್ಣೆ ಉರಿಸುವಂತೆ ಹೊಸದಾಗಿಯೇ ಕಟ್ಟಿದರು. ದೇಶದಲ್ಲಿ ಉಗಿಯ ಕಾಲ ಮುಗಿದ ಎಷ್ಟೋ ವರ್ಷಗಳ ಮೇಲೆ ಇಂಥ ಕೆಲಸ ಕೈಗೆತ್ತಿಕೊಂಡವರಿಗೆ ದೊಡ್ಡ ನಮಸ್ಕಾರ. ಸ್ವಿಸ್ ಇಂಜಿನ್‌ಗಳಿಗೆ ವಯಸ್ಸಾಗಿದೆ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಮೊದಲು ಮುಚ್ಚುವುದೂ ಕಲ್ಲಾರ್–ಕೂನೂರಿನ ಈ ಹಲ್ಲಿನ ಹಾದಿಯೇ. ಊಟಿ–ಕೂನೂರು ನಡುವೆ ಡೀಸೆಲ್ ಗಾಡಿ ಓಡುತ್ತಿದ್ದರೆ, ಬಂದವರಿಗೆ ಅಷ್ಟೇ ಸಾಕೆನ್ನಿಸುತ್ತದೆ.