ಕುಸುರೆಳ್ಳಿಗೊಂದು ರಟ್ಟಿನ ಪೆಟ್ಟಿಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಸಂಕ್ರಮಣ ಬಂತೆಂದರೆ ಕಿರಿಯರು ಹಿರಿಯರಿಗೆ ಕುಸುರೆಳ್ಳು ನೀಡಿ ನಮಸ್ಕರಿಸುವುದು ವಾಡಿಕೆ. ಅದನ್ನು ಇಡುವ ಪೆಟ್ಟಿಗೆಯನ್ನು ವಿದ್ಯಾರ್ಥಿಯು ಸ್ವಹಸ್ತದಿಂದಲೇ ಸಿದ್ಧಪಡಿಸಬಹುದು.

24 ಸೆಂ.ಮೀ. ಚೌಕದ ತೆಳು ರಟ್ಟಿನ ಮೇಲೆ ನಾಲ್ಕೂ ಅಂಚುಗಳಿಂದ 4 ಸೆಂ.ಮೀ. ಒಳಗೆ ಗೆರೆ ಎಳೆಯಬೇಕು. ಮಸಿ ತೀರಿದ ಬಾಲ್‌ಪೆನ್ನಿನಿಂದ ಆ ಗೆರೆಗಳನ್ನು ಒತ್ತಿದರೆ ರಟ್ಟು ಬಿರಿಯದೆ ನೇರವಾಗಿ ಮಡಿಯುತ್ತದೆ. ಮೂಲೆಯ ಚೌಕಗಳ ಒಂದೊಂದು ಬದಿಯನ್ನಷ್ಟೇ ಕತ್ತರಿಸಿ, ಒಳಕ್ಕೆ ಮಡಚಿ ಅಂಟಿಸಬೇಕು. ಚೂರೂ ವ್ಯರ್ಥವಾಗದು, ಮೂಲೆಯೂ ಗಟ್ಟಿಯಾಗುವುದು. ಮುಚ್ಚಳಕ್ಕೂ ಇದೇ ಕ್ರಮ. ಅದರ ಅಗಲ ಮಾತ್ರ 2-3 ಮಿ.ಮೀ. ಹೆಚ್ಚಿರಬೇಕು.

4 ಸೆಂ.ಮೀ. ಏಕೆ? ಎತ್ತರ 3 ಆದರೆ ಪೆಟ್ಟಿಗೆಯ ಘನಫಲ 972, 5 ಆದರೆ 980 ಘನ ಸೆಂ.ಮೀ.; 4 ಆದರೆ 1024. ಬದಿಯ ಆರರಲ್ಲೊಂದು ಭಾಗವನ್ನು ಮಡಚಿದಾಗಲೇ ಪೆಟ್ಟಿಗೆಯಲ್ಲಿ ಹೆಚ್ಚು ಹಿಡಿಯುತ್ತದೆ. ಮುಂದೆ ಕಲನಶಾಸ್ತ್ರದಲ್ಲಿ ಸಾಧಿಸುವುದನ್ನು ಬಾಲಕನು ಇಲ್ಲಿ ಕೈಯಿಂದಲೇ ಅರಿಯುತ್ತಾನೆ.

ಕೈಕೆಲಸದ ಮೂಲಕವೇ ಪಾಠ ಸಾಗಬೇಕೆಂದು ಗಾಂಧೀಜಿಯವರು 1937ರ ವಾರ್ಧಾ ಸಮ್ಮೇಳನದಲ್ಲಿ ಪ್ರತಿಪಾದಿಸಿದ್ದರು. ಇದರಲ್ಲಿ ಇನ್ನೊಂದು ಲಾಭವೂ ಉಂಟು. ಅಂಗಡಿಯ ಪೆಟ್ಟಿಗೆ ಕೊಳ್ಳಲಾರದ ಮನೆಯ ಮಗುವೂ ಅಂದು ಬರಿಗೈಯಲ್ಲಿ ನಿಲ್ಲದೆ, ಎಲ್ಲರೊಡನೆ ತಲೆಯೆತ್ತಿ ಕೊಡುವ ಕೈಯಾಗುತ್ತದೆ.