ಶಿಕ್ಷಣಪ್ರಯೋಗಗಳಲ್ಲಿ ಉಪಾಧಿವಿಚಾರ

ಪಾಠಶಾಲೆಗಳಲ್ಲಿ ಮಕ್ಕಳ ಕಲಿಕೆಯನ್ನು ಉತ್ತಮಪಡಿಸಬೇಕೆಂದು ಹೊರಟವರಿಗೆ ಉಪಾಯಗಳ ಕೊರತೆಯಿಲ್ಲ. ಅವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದೇ ಕಷ್ಟ. ಪರೀಕ್ಷೆಯಿಂದ ಸಿದ್ಧವಾದ ಉಪಾಯವನ್ನು ಆರಿಸತಕ್ಕದ್ದೆಂಬ ಉತ್ತರವು ಯುಕ್ತವಾದುದೇ ಸರಿ. ಆದರೆ ಒಂದೆಡೆಯಲ್ಲಿ ಸಿದ್ಧವಾದುದು ಮತ್ತೊಂದೆಡೆಯಲ್ಲಿಯೂ ಫಲಿಸುವುದೆಂಬುದು ಅನುಮಾನವೇ ಹೊರತು ಪ್ರತ್ಯಕ್ಷವಲ್ಲ. ಅನುಮಾನದ ದೋಷಗಳನ್ನು ನೈಯಾಯಿಕರು ಬಹು ಸೂಕ್ಷ್ಮವಾಗಿ ಶೋಧಿಸಿರುವುದರಿಂದ ಅವರ ಒಂದು ಪರಿಭಾಷೆಯು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಹೊಗೆಯಿರುವಲ್ಲಿ ಬೆಂಕಿಯುಂಟೆಂಬ ವ್ಯಾಪ್ತಿಯು ನಿರ್ದುಷ್ಟವಾದುದು. ಬೆಂಕಿಯಿರುವಲ್ಲಿ ಹೊಗೆಯುಂಟೆಂಬುದು ಹಾಗಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹೊಗೆಯು ಏಳಬೇಕಾದರೆ ಹಸಿ ಸೌದೆಯ ಸಂಯೋಗವೂ ಬೇಕು. ಹೀಗೆ ಸಾಧ್ಯವನ್ನು ವ್ಯಾಪಿಸಿದ್ದು ಹೇತುವನ್ನು ವ್ಯಾಪಿಸದಿರುವ ಧರ್ಮಕ್ಕೆ ಉಪಾಧಿಯೆಂದು ಹೆಸರು.

ಅಮೆರಿಕದ ಟೆನಿಸೀ ಸಂಸ್ಥಾನದಲ್ಲಿ 1985ರಿಂದ 1989ರ ವರೆಗೆ ಒಂದು ದೊಡ್ಡ ಪರೀಕ್ಷೆ ನಡೆಯಿತು. ಮಕ್ಕಳನ್ನೂ ಉಪಾಧ್ಯಾಯರನ್ನೂ ಚೀಟಿ ಎತ್ತಿದಂತೆ ಹಂಚಿ, ಕೆಲವು ತರಗತಿಗಳಲ್ಲಿ 13ರಿಂದ 17, ಉಳಿದವುಗಳಲ್ಲಿ 22ರಿಂದ 25 ಮಕ್ಕಳನ್ನು ಇರಿಸಲಾಯಿತು. ಸಣ್ಣ ತರಗತಿಯ ಮಕ್ಕಳು ಓದಿನಲ್ಲಿಯೂ ಗಣಿತದಲ್ಲಿಯೂ ಮುಂದಾದರು. 1996ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನವು ತನ್ನ ಕೆಳತರಗತಿಗಳನ್ನು ಒಮ್ಮೆಲೇ ಕಿರಿದುಗೊಳಿಸಲು ತೊಡಗಿತು. ಅಷ್ಟು ತರಗತಿಗಳಿಗೆ ಬೇಕಾದ ಶಿಕ್ಷಿತ ಉಪಾಧ್ಯಾಯರು ದೊರೆಯದೆ ಅರ್ಹತಾಪತ್ರವಿಲ್ಲದವರನ್ನು ಅನೇಕರನ್ನು ನೇಮಿಸಬೇಕಾಯಿತು. ಬಡಮಕ್ಕಳ ಶಾಲೆಗಳಿಗೇ ಅಂಥವರು ಹೆಚ್ಚಾಗಿ ಬಂದರು. ಟೆನಿಸೀಯಲ್ಲಿ ಕಂಡಂಥ ಸ್ಪಷ್ಟವಾದ ಫಲವು ಅಲ್ಲಿ ಕಾಣಲಿಲ್ಲ. ತರಗತಿಯ ಸಣ್ಣತನವು ಬೆಂಕಿಯಾದರೆ, ಸಮರ್ಥನಾದ ಉಪಾಧ್ಯಾಯನು ಹಸಿ ಸೌದೆ. ಮೊದಲನೆಯ ಸ್ಥಳದಲ್ಲಿ ಉಪಾಧಿಯು ತಾನಾಗಿ ಇದ್ದುದರಿಂದಲೇ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಭಾರತದ ಉದಾಹರಣೆಯು ಇನ್ನೂ ಬೋಧಪ್ರದವಾಗಿದೆ. 2001ರಿಂದ 2003ರ ವರೆಗೆ ಮುಂಬಯಿ ಮತ್ತು ವಡೋದರಾ ನಗರಗಳಲ್ಲಿ ಪ್ರಥಮ್ ಸಂಸ್ಥೆಯ ಬಾಲಸಖಿ ಯೋಜನೆಯನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಪರೀಕ್ಷಿಸಿದರು. ಮೂರನೆಯ ಮತ್ತು ನಾಲ್ಕನೆಯ ತರಗತಿಗಳಲ್ಲಿ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆಗಳ ಕಾಲ ಪ್ರತ್ಯೇಕವಾಗಿ ಕೂರಿಸಿಕೊಂಡು, ಆ ಊರಿನವಳೇ ಆದ ಯುವತಿಯೊಬ್ಬಳು ಅಕ್ಷರದಿಂದಲೂ ಅಂಕಿಯಿಂದಲೂ ಮೊದಲುಮಾಡಿ ಹೇಳಿಕೊಡುತ್ತಿದ್ದಳು. ಮಕ್ಕಳು ಗಣನೀಯವಾಗಿ ಸುಧಾರಿಸಿದರು. ಇಲ್ಲಿ ಫಲಕ್ಕೆ ಕಾರಣವು ಹೊರಗಿನಿಂದ ಬಂದ ವ್ಯಕ್ತಿಯೋ, ಮಗುವು ನಿಂತಿರುವ ಮೆಟ್ಟಿಲಿನಿಂದ ಪಾಠವನ್ನು ಆರಂಭಿಸುವ ಕ್ರಮವೋ ಎಂಬ ಸಂಶಯವು ಸಹಜವಾಗಿ ಹುಟ್ಟುತ್ತದೆ.

ಬಿಹಾರವು ಇದಕ್ಕೆ ಉತ್ತರ ಕೊಟ್ಟಿತು. 2008ರ ಬೇಸಗೆಯ ಶಿಬಿರಗಳಲ್ಲಿ ಸರ್ಕಾರದ ಉಪಾಧ್ಯಾಯರೇ ಈ ಕ್ರಮದಲ್ಲಿ ಕಲಿಸಿದಾಗ ಮಕ್ಕಳ ಓದು ಸುಧಾರಿಸಿತು. ಆದರೆ ಶಾಲೆ ತೆರೆದ ಮೇಲೆ ಉಪಾಧ್ಯಾಯರಿಗೆ ತರಬೇತಿಯನ್ನೂ ಪಾಠಸಾಮಗ್ರಿಯನ್ನೂ ಮಾತ್ರ ಕೊಟ್ಟಲ್ಲಿ ಹೇಳತಕ್ಕಷ್ಟು ಫಲ ದೊರೆಯಲಿಲ್ಲ. ಪಠ್ಯಪುಸ್ತಕವನ್ನು ಮುಗಿಸಬೇಕೆಂಬ ನಿರ್ಬಂಧವು ಹೊಸ ಕ್ರಮಕ್ಕೆ ಎಡೆಗೊಡಲಿಲ್ಲ. 2012–13ರಲ್ಲಿ ಹರಿಯಾಣದಲ್ಲಿ ದಿನಕ್ಕೆ ಒಂದು ಗಂಟೆಯನ್ನು ಇದಕ್ಕಾಗಿಯೇ ಮೀಸಲಿಟ್ಟು, ಮಕ್ಕಳನ್ನು ವಯಸ್ಸಿನಿಂದಲ್ಲದೆ ಓದುವ ಶಕ್ತಿಯಿಂದ ವಿಂಗಡಿಸಿ, ಮೇಲ್ವಿಚಾರಣೆಯನ್ನೂ ಏರ್ಪಡಿಸಿದಾಗ ಹಿಂದಿಯ ಓದಿನಲ್ಲಿ ಪ್ರಗತಿಯು ಕಂಡಿತು. ಉಪಾಧ್ಯಾಯರು ಅಸಮರ್ಥರೆಂಬ ನಿಂದೆಯು ಇದರಿಂದ ನಿರಸ್ತವಾಯಿತು. ಅವರಿಗೆ ಬೇಕಾಗಿದ್ದುದು ಮೀಸಲಾದ ಹೊತ್ತು ಮತ್ತು ಪಠ್ಯಕ್ರಮದ ಹೊರೆಯಿಂದ ಬಿಡುಗಡೆ.

ಆದುದರಿಂದ ಉಪಾಯವನ್ನು ಆರಿಸುವವರು ಮೂರು ವಿಷಯಗಳನ್ನು ವಿಮರ್ಶಿಸಬೇಕು. ಫಲವು ಕಂಡುದು ನ್ಯಾಯವಾದ ಹೋಲಿಕೆಯಿಂದಲೋ. ಅದು ಯಾವ ಕಾರಣದ ಮೂಲಕ ಉಂಟಾಯಿತು. ಆ ಕಾರಣಕ್ಕೆ ಸಹಕಾರಿಯಾದುದೆಲ್ಲವೂ ತಮ್ಮ ಶಾಲೆಯಲ್ಲಿ ಉಂಟೋ ಇಲ್ಲವೋ. ಮೊದಲನೆಯದನ್ನು ಪರೀಕ್ಷಕರು ಹೇಳಬಲ್ಲರು. ಮೂರನೆಯದನ್ನು ಬಲ್ಲವರು ಆ ಶಾಲೆಯ ಉಪಾಧ್ಯಾಯರೇ. ಅವರನ್ನು ಕೇಳದೆ ಮಾಡಿದ ಆಯ್ಕೆಯಲ್ಲಿ ಉಪಾಧಿಯು ಅಡಗಿಯೇ ಉಳಿಯುತ್ತದೆ. ತರ್ಕದಲ್ಲಿ ಹೇತುವು ದುಷ್ಟವಾದರೆ ವಾದಿಗೆ ಪರಾಜಯ ಮಾತ್ರ. ಇಲ್ಲಿಯಾದರೋ ಅಕ್ಷರ ಕೂಡದೆ ಮೂರನೆಯ ತರಗತಿಯನ್ನು ದಾಟಿದ ಮಗುವಿಗೆ ಕಳೆದುಹೋದ ಆ ವರ್ಷವು ಮತ್ತೆ ದೊರೆಯುವುದಿಲ್ಲ.