ಮನೆಯಲ್ಲಿ ಮಾಡಿದ ಜಲವರ್ಣಗಳು

ಮೂರು ದಶಕಗಳಿಗೂ ಮಿಕ್ಕಿ ಮಕ್ಕಳಿಗೆ ಶಬ್ದರೂಪ, ಧಾತುರೂಪಗಳನ್ನು ಕಲಿಸಿ ಎರಡು ವರ್ಷಗಳ ಹಿಂದೆ ನಿವೃತ್ತನಾದ ನನಗೆ ಕುಂಚವನ್ನು ಹಿಡಿಯುವ ಯೋಗವು ಒದಗಿದ್ದು ಮೊಮ್ಮಗನ ದೆಸೆಯಿಂದ. ಆರು ವರ್ಷದ ಆ ಹುಡುಗನ ಬಣ್ಣದ ಪೆಟ್ಟಿಗೆಯಲ್ಲಿ ಹನ್ನೆರಡು ಬಿಲ್ಲೆಗಳಿದ್ದವು. ಅವುಗಳಲ್ಲಿ ಕೆಂಪು ತೀರಿದ ದಿನ ಅವನು ನನ್ನ ಬಳಿಗೆ ಬಂದು, "ಅಜ್ಜಾ, ಬಣ್ಣಾ ಯಾತರಿಂದ ಮಾಡ್ತಾರ?" ಎಂದು ಕೇಳಿದನು. ವ್ಯಾಕರಣದ ಪ್ರಶ್ನೆಯಾಗಿದ್ದರೆ ಉತ್ತರವು ನಾಲಗೆಯ ತುದಿಯಲ್ಲಿರುತ್ತಿತ್ತು. ಇದಕ್ಕೆ ಮಾತ್ರ, "ನಾಳೆ ಹೇಳ್ತೇನಿ" ಎಂದು ಜಾರಿಕೊಂಡೆನು. ಆ ನಾಳೆಯು ಬೆಳೆಯುತ್ತ ಬೆಳೆಯುತ್ತ ಒಂದು ವರ್ಷದಷ್ಟಾಗಿದೆ. ಅದರ ವೃತ್ತಾಂತವನ್ನೇ ಈಗ ವಾಚಕರ ಮುಂದಿಡುತ್ತೇನೆ.

ಜಲವರ್ಣವೆಂಬುದು ಮೂಲತಃ ಬಹಳ ಸರಳವಾದ ಪದಾರ್ಥ. ನೀರಿನಲ್ಲಿ ಕರಗದಂಥ ನುಣುಪಾದ ಬಣ್ಣದ ಪುಡಿಯೊಂದು. ಅದನ್ನು ಕಾಗದಕ್ಕೆ ಹಿಡಿದಿಡುವ ಅಂಟೊಂದು. ಒಣಗಿ ಬಿರಿಯದಂತೆ ಸ್ವಲ್ಪ ಜೇನುತುಪ್ಪ. ಇಷ್ಟೇ. ಹಿಂದೆ ಚಿತ್ರಕಾರರು ತಮ್ಮ ತಮ್ಮ ಬಣ್ಣಗಳನ್ನು ತಾವೇ ಅರೆದುಕೊಳ್ಳುತ್ತಿದ್ದರು. ಇಂಗ್ಲಂಡದಲ್ಲಿ ರೀವ್ಸ್ ಎಂಬ ಬಣ್ಣಗಾರರು ಒದ್ದೆ ಕುಂಚವನ್ನು ತಾಗಿಸಿದೊಡನೆ ಬಿಡುವ ಬಿಲ್ಲೆಗಳನ್ನು ಮಾಡಿ 1781ರಲ್ಲಿ ಅಲ್ಲಿಯ ಕಲಾಸಂಘದಿಂದ ಬೆಳ್ಳಿಯ ಪಾರಿತೋಷಕವನ್ನು ಪಡೆದರು. 1832ರಲ್ಲಿ ವಿನ್ಸರ್ ಮತ್ತು ನ್ಯೂಟನ್ ಎಂಬಿಬ್ಬರು ಲಂಡನ್ನಿನಲ್ಲಿ ಬಣ್ಣದ ಅಂಗಡಿಯನ್ನು ತೆರೆದರು. ನಮ್ಮ ಮಕ್ಕಳ ಕೈಯಲ್ಲಿರುವ ಒಂಟೆಯ ಗುರುತಿನ ಬಣ್ಣಗಳ ಮನೆತನವು 1931ರಲ್ಲಿ ಮುಂಬಯಿಯಲ್ಲಿ ದಾಂಡೇಕರ ಸಹೋದರರಿಂದ ಮೊದಲಾಯಿತು; ಅವರು ಪ್ರಾರಂಭಿಸಿದ್ದು ಬಣ್ಣದಿಂದಲ್ಲ, ಶಾಯಿಯಿಂದ.

ಆದರೆ ಸಂಸ್ಕೃತದ ಮೇಷ್ಟರನಿಗೆ ಲಂಡನ್ನು, ಮುಂಬಯಿಗಳಿಂದ ತೃಪ್ತಿಯಾದೀತೆ? ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಚಿತ್ರಕರ್ಮದ ಪ್ರಕರಣವಿರುವದು. ಬಡೋದೆಯಲ್ಲಿ ಅಚ್ಚಾದ ಆ ಗ್ರಂಥವನ್ನು ಮತ್ತೆ ತೆರೆದೆನು. ನಮ್ಮ ಹಾವೇರಿಯೂ ಆ ರಾಜನ ಸೀಮೆಯೊಳಗಿನದೇ. ಪಶ್ಚಿಮಾಭಿಮುಖವಾದ ನಮ್ಮ ಸಿದ್ಧೇಶ್ವರನ ಗುಡಿಯು ಆ ಚಾಲುಕ್ಯರ ಶೈಲಿಯದೇ. ಎಮ್ಮೆಯ ಹಸಿ ಚರ್ಮವನ್ನು ಬೆಣ್ಣೆಯಂತಾಗುವ ವರೆಗೆ ಕುದಿಸಿ ವಜ್ರಲೇಪವೆಂಬ ಅಂಟನ್ನು ಮಾಡುವ ಬಗೆ, ಕಾಡಿಗೆಯನ್ನು ಅನ್ನದೊಡನೆ ಅರೆದು ರೇಖೆಗಾಗಿ ವರ್ತಿಕೆಯನ್ನು ಹೊಸೆಯುವ ಬಗೆ, ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಬಂಧಿಸಿ ಕುಂಚವನ್ನು ಕಟ್ಟುವ ಬಗೆ, ಎಲ್ಲವೂ ಅಲ್ಲಿ ಹೇಳಲ್ಪಟ್ಟಿವೆ. ವರ್ಣಗಳೆಂದರೆ ಬಿಳಿಗೆ ಶಂಖ, ಕೆಂಪಿನ ಬೇರೆ ಬೇರೆ ಛಾಯೆಗಳಿಗೆ ದರದ, ಅಂದರೆ ಇಂಗಳೀಕ, ಅರಗಿನ ರಸ ಮತ್ತು ಗೈರಿಕ, ಹಳದಿಗೆ ಹರಿತಾಲ, ಕಪ್ಪಿಗೆ ಕಜ್ಜಲ. ಓದಿ ನನಗೆ ರೋಮಾಂಚವಾಯಿತು. ಈ ರೋಮಾಂಚವೇ ಮುಂದೆ ನನ್ನನ್ನು ಎಲ್ಲಿಗೆ ಒಯ್ದಿತೆಂಬುದನ್ನು ಆ ಸ್ಥಳದಲ್ಲಿ ಹೇಳುವೆನು.

ಗೈರಿಕದಿಂದಲೇ ಆರಂಭಿಸಿದೆನು. ರಾಣೇಬೆನ್ನೂರಿನ ಕಡೆಗೆ ಕೆಂಪು ಮಸಾರಿ ಭೂಮಿ ಹೇರಳವಾಗಿದೆ. ಅಲ್ಲಿಯ ಬಂಧುಗಳೊಬ್ಬರ ಹೊಲದ ಒಡ್ಡಿನಿಂದ ಒಂದು ಚೀಲ ಮಣ್ಣನ್ನು ತಂದೆನು. ಬಸ್ಸಿನ ನಿರ್ವಾಹಕನು ಚೀಲವನ್ನು ಮುಟ್ಟಿ ನೋಡಿ, "ಏನ್ರೀ ಮಾಸ್ತರ್ರ, ಮಣ್ಣಾ?" ಎಂದು ಕೇಳಿ ಮುಗುಳುನಗೆ ನಕ್ಕನು. ಮಣ್ಣನ್ನು ಹಾಗೆಯೇ ಅರೆದರೆ ಮರಳು ಕುಂಚಕ್ಕೆ ಸಿಕ್ಕಿ ಕಾಗದವನ್ನು ಗೀರುವದು. ಆದುದರಿಂದ ಬಕೀಟಿನ ನೀರಿನಲ್ಲಿ ಚೆನ್ನಾಗಿ ಕದಡಿ, ನೂರು ಎಣಿಸುವಷ್ಟು ಕಾಲ ಸುಮ್ಮನೆ ಬಿಟ್ಟು, ಮೇಲಿನ ಕೆನ್ನೀರನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಬೇಕು. ದಪ್ಪ ಮರಳು ತಳದಲ್ಲಿ ಉಳಿಯುವದು. ನುಣ್ಣನೆಯ ಕಣಗಳು ಕೆನ್ನೀರಿನೊಡನೆ ಬರುವವು. ಅದು ರಾತ್ರಿಯೆಲ್ಲ ತಳಗೂಡಿದ ಮೇಲೆ ತಿಳಿನೀರನ್ನು ಚೆಲ್ಲಿ ಮತ್ತೆ ಹೀಗೆಯೇ ಮಾಡಬೇಕು. ಮೂರನೆಯ ಸಲಕ್ಕೆ ದೊರೆತ ಕೆಸರನ್ನು ಬಟ್ಟೆಯ ಮೇಲೆ ಒಣಗಿಸಿದಾಗ ಬೆರಳುಗಳ ನಡುವೆ ಕುಂಕುಮದಂತೆ ಜಾರುವ ಪುಡಿಯಾಯಿತು. ಒಂದು ಚೀಲ ಮಣ್ಣಿಗೆ ಎರಡು ಬೊಗಸೆ ಪುಡಿ!

ಹಳದಿ ಮಣ್ಣು ಇನ್ನೂ ದೊಡ್ಡ ಆಶ್ಚರ್ಯವನ್ನು ತೋರಿಸಿತು. ಹೀಗೆಯೇ ತೊಳೆದ ಹಳದಿ ಪುಡಿಯನ್ನು ಕಬ್ಬಿಣದ ಹಂಚಿನ ಮೇಲೆ ಹಾಕಿ ಉರಿಯನ್ನು ಜೋರು ಮಾಡಿ ಕೈಯಾಡಿಸುತ್ತ ಹೋದರೆ, ಮೊದಲು ಕಿತ್ತಳೆಯ ಛಾಯೆ, ಆಮೇಲೆ ಇಟ್ಟಂಗಿಯ ಬಣ್ಣ, ಕೊನೆಗೆ ಕಾವಿಯ ಕೆಂಪು! ಕಾರಣವು ಸುಲಭವಾದದ್ದು. ಎರಡಕ್ಕೂ ಬಣ್ಣ ಕೊಡುವ ವಸ್ತು ಕಬ್ಬಿಣದ ತುಕ್ಕೇ. ಹಳದಿಯಲ್ಲಿ ಅದು ನೀರಿನ ಅಂಶವನ್ನು ತನ್ನೊಳಗೆ ಬಂಧಿಸಿಕೊಂಡಿರುವದು. ಬೆಂಕಿಗೆ ಆ ನೀರು ಹೊರಟುಹೋದರೆ ಕೆಂಪೇ ಉಳಿಯುವದು. ಮೊಮ್ಮಗನು ಹಂಚಿನ ಪಕ್ಕದಿಂದ ಏಳಲೊಲ್ಲನು. ನಾನೂ ಅಷ್ಟೇ.

ಎರೆಮಣ್ಣು ಮಾತ್ರ ಮೋಸ ಮಾಡಿತು. ಊರ ಸುತ್ತಲೆಲ್ಲ ಕಪ್ಪು ಎರೆಯಿರುವಾಗ ಕಪ್ಪು ಬಣ್ಣಕ್ಕೇನು ಕೊರತೆಯೆಂದು ತಿಳಿದಿದ್ದೆನು. ಆ ಮಣ್ಣು ನೀರು ಕುಡಿದು ಉಬ್ಬುವದು, ಒಣಗಿ ಕುಗ್ಗುವದು. ಬೇಸಿಗೆಯಲ್ಲಿ ಹೊಲವು ಬಿರಿಯುವಂತೆಯೇ ನನ್ನ ಬಿಲ್ಲೆಗಳೂ ಬಿರಿದು ಚೂರಾದವು. ಕಾಗದದ ಮೇಲಾದರೋ ಅದು ಕಪ್ಪಲ್ಲ, ಮಂಕಾದ ಬೂದು. ಕೊನೆಗೆ ಮನೆಯ ಹೆಂಗಸರ ವಿದ್ಯೆಯೇ ಗತಿಯಾಯಿತು. ಔಡಲೆಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆಯನ್ನು ಬೋರಲು ಹಾಕಿ ಕಾಡಿಗೆಯನ್ನು ಹಿಡಿದೆವು. ಜಿಡ್ಡಿನ ಈ ಮಸಿ ನೀರಿನೊಡನೆ ಬೆರೆಯದೆ ಮೇಲೆಯೇ ತೇಲಾಡುವದು. ನಾಲ್ಕು ಹನಿ ಸ್ಪಿರಿಟಿನಿಂದ ಮೊದಲು ಹಸಿ ಮಾಡಿದರೆ ಮಾತು ಕೇಳುವದು.

ಇನ್ನು ಅಂಟು. ನಮ್ಮ ಸೀಮೆಯಲ್ಲಿ ಬಾಣಂತಿಯರಿಗಾಗಿ ಅಂಟಿನುಂಡೆಯನ್ನು ಕಟ್ಟುವದು ವಾಡಿಕೆ. ಅದರ ಡಬ್ಬಿಯಿಂದ ಒಂದು ಬಟ್ಟಲು ಅಂಟನ್ನು ಯಾರಿಗೂ ಹೇಳದೆ ತೆಗೆದುಕೊಂಡೆನು. ನೀರಿನಲ್ಲಿ ನೆನೆಯಿಟ್ಟರೆ ಬೆಳಗಾಗುವದರೊಳಗೆ ಅರ್ಧ ಕರಗಿತ್ತು, ಅರ್ಧ ಲೋಳೆಯಾಗಿ ಉಬ್ಬಿತ್ತು. ಅಷ್ಟರಲ್ಲಿಯೇ ಅಡಿಗೆಮನೆಯಿಂದ, "ಏನ್ರೀ, ಡಬ್ಬಿಯೊಳಗಿನ ಅಂಟು ಎಲ್ಲಿ ಹೋತು?" ಎಂಬ ಧ್ವನಿ ಕೇಳಿಸಿತು. ಸತ್ಯವನ್ನು ಹೇಳಲೇಬೇಕಾಯಿತು. "ತುಪ್ಪದಾಗ ಹುರಿಯೂ ಅಂಟು ಬ್ಯಾರೆ, ಹಚ್ಚೂ ಅಂಟು ಬ್ಯಾರೆ. ಕೇಳಿದ್ರ ನಾ ಹೇಳ್ತಿದ್ದಿಲ್ಲೇನು?" ಎಂದು ನನ್ನವಳೆಂದಳು. ಅವಳ ಮಾತು ಶಾಸ್ತ್ರಸಮ್ಮತವೇ ಆಗಿತ್ತು. ಅಂಗಡಿಯವರು ಅಂಟೆಂದು ಕೊಡುವದರಲ್ಲಿ ಹಲವು ಮರಗಳದು ಬೆರೆತಿರುವದು. ದಿಂಡಿಗದ ಅಂಟು ಪೂರ್ತಿ ಕರಗುವದಿಲ್ಲ. ಜಾಲಿಯದು ಪೂರ್ತಿ ಕರಗುವದು. ಪರದೇಶದ ಬಣ್ಣಗಾರರು ಬಳಸುವ ಅರಬ್ಬೀ ಗೋಂದೂ ಸುದಾನ ಮೊದಲಾದ ದೇಶಗಳಲ್ಲಿ ಬೆಳೆಯುವ ಜಾಲಿಯ ಜಾತಿಯ ಗಿಡದ್ದೇ. ನಾನು ಈಗ ಜಾಲಿಯ ಅಂಟು ಒಂದು ಪಾಲು, ಬಿಸಿನೀರು ಎರಡು ಪಾಲು ಕೂಡಿಸಿ ರಾತ್ರಿಯಿಟ್ಟು ಬಟ್ಟೆಯಲ್ಲಿ ಸೋಸುತ್ತೇನೆ. ಅಂಟಿನ ಕಾಲು ಭಾಗದಷ್ಟು ಜೇನುತುಪ್ಪ, ಬೂಷ್ಟು ಹಿಡಿಯದಂತೆ ಒಂದು ಹನಿ ಲವಂಗದೆಣ್ಣೆ. ಈ ರಸಕ್ಕೆ ಸರಿಸಮ ಪುಡಿಯನ್ನು ಕೂಡಿಸಿ ದಪ್ಪ ಗಾಜಿನ ಮೇಲೆ ಅರ್ಧ ತಾಸು ಅರೆಯಬೇಕು. ಅಂಟು ಕಡಿಮೆಯಾದರೆ ಒಣಗಿದ ಚಿತ್ರವು ಬೆರಳಿಗೆ ಹತ್ತುವದು. ಹೆಚ್ಚಾದರೆ ಹೊಳೆದು ಸಿಪ್ಪೆಯೇಳುವದು. ಹದವನ್ನು ಕೈಯೇ ಕಲಿಯಬೇಕು.

ಬ್ಯಾಡಗಿಯ ಹತ್ತಿರದಲ್ಲಿದ್ದು ಕೆಂಪಿಗಾಗಿ ಮೆಣಸಿನಕಾಯಿಯನ್ನು ನೆನೆಯದಿರುವದು ಹೇಗೆ? 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯನ್ನು ಪಡೆದ ಆ ಕಾಯಿ ಖಾರಕ್ಕಿಂತ ಬಣ್ಣಕ್ಕೇ ಹೆಸರಾದದ್ದು. ಅದರಿಂದ ತೆಗೆದ ಸತ್ವವು ತಿನಿಸುಗಳಿಗೂ ತುಟಿಯ ರಂಗಿಗೂ ಹೋಗುವದು. ರೈಲಿನಲ್ಲಿ ಹೋಗಿ ಪೇಟೆಯಿಂದ ಒಂದು ಕಿಲೋ ಡಬ್ಬಿಕಾಯಿಯನ್ನು ಕೊಂಡೆನು. ಅಲ್ಲಿ ತೊಟ್ಟು ಬಿಡಿಸುತ್ತ ಕುಳಿತ ಮುದುಕಿಯೊಬ್ಬಳು ನನ್ನ ಉದ್ದೇಶವನ್ನು ಕೇಳಿ, "ನೀರಿಗೆ ಬಣ್ಣ ಬಿಡೂದಿಲ್ಲ ತಗೋರಿ, ಎಣ್ಣಿಗೆ ಬಿಡ್ತೈತಿ. ವಗ್ಗರಣಿ ಹಾಕೂದು ನೋಡಿಲ್ಲೇನ್ರಿ?" ಎಂದಳು. ನಾನು ಕೇಳಲಿಲ್ಲ. ಮನೆಯಲ್ಲಿ ಕುದಿಸಿದೆನು; ನೀರು ಕಂದಿತು, ಓಣಿಯೆಲ್ಲ ಕೆಮ್ಮಿತು, ಕೆಂಪು ಮಾತ್ರ ಸಿಪ್ಪೆಯಲ್ಲಿಯೇ ಕುಳಿತಿತ್ತು. ಆ ವರ್ಣದ್ರವ್ಯವು ಗಜ್ಜರಿಯ ಬಣ್ಣದ ಜಾತಿಯದು. ಎಣ್ಣೆಯಲ್ಲಿ ಕರಗುವದೇ ಅದರ ಧರ್ಮ. ಆಮೇಲೆ ಎಣ್ಣೆಗೆ ಇಳಿಸಿ ಸುಣ್ಣದ ಕಲ್ಲಿನ ಪುಡಿಗೆ ಹಿಡಿಸಿದೆನು. ಬಣ್ಣವೇನೋ ಮನೋಹರ. ಆದರೆ ಕಿಟಕಿಯಲ್ಲಿಟ್ಟ ಪಟ್ಟಿಯು ಒಂದು ತಿಂಗಳೊಳಗೆ ಬಿಳಚಿಕೊಂಡಿತು. ವ್ಯಾಪಾರಸ್ಥರು ಕಾಯಿಯನ್ನು ಶೀತಲಗೃಹಗಳಲ್ಲಿ ಕತ್ತಲೆಯೊಳಗೆ ಏಕೆ ಇಡುವರೆಂಬುದು ಆಗ ತಿಳಿಯಿತು. ಉಳಿದ ಕಾಯಿಯನ್ನು ನನ್ನವಳು ಸಂತೋಷದಿಂದ ಒಳಗೆ ತೆಗೆದುಕೊಂಡಳು.

ಈಗ ಹರಿತಾಲದ ಸಂಗತಿ. ಮಣ್ಣಿನ ಹಳದಿ ನನಗೆ ಮಂಕೆನಿಸಿತು. ಸೋಮೇಶ್ವರನು ಹೇಳಿದ ಬಂಗಾರದಂಥ ಹಳದಿಯೇ ಬೇಕೆನಿಸಿತು. ಗ್ರಂಧಿಗೆಯ ಅಂಗಡಿಯೊಂದರಲ್ಲಿ ಅರದಾಳವೆಂದು ಕೇಳಿದರೆ ಪೊಟ್ಟಣ ಕಟ್ಟಿಕೊಟ್ಟರು. ಅದು ವಿಷವೆಂಬುದು ನನಗೆ ಗೊತ್ತಿರಲಿಲ್ಲವೆಂದು ಹೇಳಲಾರೆನು. ವೈದ್ಯಗ್ರಂಥಗಳಲ್ಲಿ ಅದರ ಶೋಧನವನ್ನು ಓದಿದ್ದೆನು. ಆದರೆ ಪುಸ್ತಕದಲ್ಲಿ ಗೊತ್ತಿರುವದಕ್ಕೂ ಕೈಯಲ್ಲಿ ಗೊತ್ತಿರುವದಕ್ಕೂ ಅಂತರವಿದೆ. ಅರೆದೆನು, ಅಂಟು ಕೂಡಿಸಿದೆನು, ಚಿಪ್ಪಿನಲ್ಲಿ ತುಂಬಿ ಒಣಗಲಿಟ್ಟೆನು. ಮರುದಿನ ಮಧ್ಯಾಹ್ನ ಪಡಸಾಲೆಗೆ ಬಂದು ನೋಡುತ್ತೇನೆ: ಮೊಮ್ಮಗನು ಆ ಹಳದಿಯಿಂದ ಸೂರ್ಯನನ್ನು ತೆಗೆಯುತ್ತಿದ್ದನು. ಕಿರಣದ ಗೆರೆ ಸಣ್ಣದಾಗಲೆಂದು ಕುಂಚದ ತುದಿಯನ್ನು ತುಟಿಗಳ ನಡುವೆ ಎಳೆದು ಮೊನೆ ಮಾಡಿದನು. ಇದನ್ನು ಅವನಿಗೆ ಕಲಿಸಿದವರಾರು? ನಾನೇ. ಬೆಳಗಿನಿಂದ ಸಂಜೆಯ ವರೆಗೆ ನಾನು ಹೀಗೆಯೇ ಮಾಡುತ್ತಿದ್ದುದನ್ನು ಅವನು ನೋಡಿದ್ದನು.

ಬಾಯಿ ತೊಳೆಯಿಸಿ, ಹುಡುಗನನ್ನು ಎತ್ತಿಕೊಂಡು ದವಾಖಾನೆಗೆ ಓಡಿದೆನು. "ಹರಿತಾಲ, ಹರಿತಾಲ" ಎಂದು ನಾನು ಹೇಳುತ್ತಲಿದ್ದರೆ ಡಾಕ್ಟರರು, "ಮಾಸ್ತರ, ಸಂಸ್ಕೃತ ಬ್ಯಾಡ್ರಿ, ಏನು ತಿಂದಾನ ಅದನ್ನ ಹೇಳ್ರಿ" ಎಂದರು. ಆಗ, "ಆರ್ಸೆನಿಕ್" ಎಂಬ ಶಬ್ದವು ನನ್ನ ಬಾಯಿಂದ ಹೊರಬಿದ್ದಿತು. ಅವರು ಒಮ್ಮೆಲೆ ಎದ್ದು ನಿಂತರು. ಎಷ್ಟು ಸಲ ತುಟಿಗೆ ತಾಗಿಸಿದ್ದನೆಂದು ಹುಡುಗನನ್ನೇ ಕೇಳಿದರು. ಅವನು ಎರಡು ಬೆರಳುಗಳನ್ನು ತೋರಿಸಿದನು; ಸ್ವಲ್ಪ ಯೋಚಿಸಿ ಮೂರನೆಯದನ್ನೂ ಎತ್ತಿದನು. ಸಂಜೆಯ ವರೆಗೆ ಅಲ್ಲಿಯೇ ಇಟ್ಟುಕೊಂಡರು. ವಾಂತಿಯಾಗಲಿಲ್ಲ, ಹೊಟ್ಟೆ ನೋಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆವು. ಮಗನಾಗಲಿ ಸೊಸೆಯಾಗಲಿ ನನಗೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಸಮಾಧಾನವಾಗುತ್ತಿತ್ತು.

ಅಮೇರಿಕೆಯ ನ್ಯೂಜರ್ಸಿಯಲ್ಲಿ ಗಡಿಯಾರದ ಅಂಕೆಗಳಿಗೆ ರೇಡಿಯಂ ಬಣ್ಣವನ್ನು ಹಚ್ಚುತ್ತಿದ್ದ ತರುಣಿಯರು ಕುಂಚವನ್ನು ತುಟಿಯಲ್ಲಿಯೇ ಮೊನೆ ಮಾಡಿ ದವಡೆ ಕೊಳೆತು ಸತ್ತುದನ್ನೂ, ಬದುಕಿದ್ದ ಐವರ ಮೊಕದ್ದಮೆಯು 1928ರಲ್ಲಿ ರಾಜಿಯಲ್ಲಿ ಮುಗಿದುದನ್ನೂ ಆಮೇಲೆ ಓದಿದೆನು. ಮನೆಯಲ್ಲಿ ಬಣ್ಣ ಮಾಡಲಿಚ್ಛಿಸುವವರಿಗೆ ಒತ್ತಿ ಹೇಳುವೆನು: ಅರದಾಳವು ಪಾಷಾಣದ ಜಾತಿ, ಇಂಗಳೀಕವು ಪಾದರಸದ್ದು, ಸಿಂಧೂರವೂ ಹಳೆಯ ಸಫೇತವೂ ಸೀಸದವು. ಗ್ರಂಥದಲ್ಲಿವೆಯೆಂದು ಇವನ್ನು ಮನೆಯೊಳಗೆ ತರಬಾರದು. ಮಣ್ಣಿನ ಪುಡಿಯನ್ನಾದರೂ ಒಣಗಿದ್ದಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅರೆಯಬೇಕು. ಕುಂಚಕ್ಕೆ ಮೊನೆ ಬೇಕಾದರೆ ಒದ್ದೆ ಅರಿವೆಯಿದೆ. ಮಾನಸೋಲ್ಲಾಸವು ಪಳಗಿದ ಚಿತ್ರಕಾರನಿಗಾಗಿ ಬರೆದದ್ದು. ಪಡಸಾಲೆಯಲ್ಲಿ ಮಕ್ಕಳಿರುವ ಮನೆಗಾಗಿ ಅಲ್ಲ.

ಎರಡು ತಿಂಗಳು ಗಾಜನ್ನು ಮುಟ್ಟಲಿಲ್ಲ. ಮತ್ತೆ ಹಿಡಿಸಿದವನು ಹುಡುಗನೇ. ಈಗ ನಮ್ಮ ಪೆಟ್ಟಿಗೆಯಲ್ಲಿ ಕಾವಿ, ಸುಟ್ಟ ಹಳದಿ, ಹಸಿ ಹಳದಿ, ಕಾಡಿಗೆ, ಕೊಂಡು ತಂದ ನೀಲಿ, ಹೀಗೆ ಐದು ಬಣ್ಣಗಳಿವೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು, ಅಕ್ಕಿಹಿಟ್ಟು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಯ ಹಳದಿಗಳಿಂದ, ಪುಂಡಿನಾರಿನ ಕುಂಚದಿಂದ ಹಸೆಗೋಡೆಯನ್ನು ಬರೆಯುವದನ್ನು ನೆನೆದರೆ ಐದು ಬಹಳವೇ ಆಯಿತು. ಹಸಿ ಹಳದಿಗೆ ಕಾಡಿಗೆಯನ್ನು ಬೆರೆಸಿದರೆ ಒಂದು ವಿಧದ ಪಾಚಿಹಸಿರು ಹುಟ್ಟುವದು. ಸಿದ್ಧೇಶ್ವರನ ಗುಡಿಯ ಬಳಪದ ಕಲ್ಲಿಗೆ ಸಂಜೆಯ ಬಿಸಿಲು ಬಿದ್ದಾಗಿನ ಬಣ್ಣ ಅದೇ. ಗುಡಿಯನ್ನು ಏಳು ಸಲ ಬರೆದಿದ್ದೇನೆ. ಶಿಖರವು ಇನ್ನೂ ಎಡಕ್ಕೆ ವಾಲುವದು.

ಕಿಟಕಿಯ ಪರೀಕ್ಷೆಯನ್ನು ಬಿಟ್ಟಿಲ್ಲ. ಪ್ರತಿಯೊಂದು ಬಣ್ಣದ ಪಟ್ಟಿಯ ಅರ್ಧಕ್ಕೆ ರಟ್ಟು ಮುಚ್ಚಿ ಬಿಸಿಲಿಗಿಡುತ್ತೇವೆ. ಅರಿಸಿಣವು ಹದಿನೈದು ದಿನಗಳಲ್ಲಿ ಹಾರಿಹೋಯಿತು. ಅದಕ್ಕೆ ಸುಣ್ಣವನ್ನು ಕೂಡಿಸಿ ಮಾಡಿದ ಓಕುಳಿಯ ಕೆಂಪು ಗಾಳಿಗೆ ಸುಣ್ಣದ ಕಾವು ಇಳಿದಂತೆ ಮರಳಿ ಹಳದಿಗೆ ತಿರುಗಿತು. ಮಣ್ಣುಗಳು ಕದಲಿಲ್ಲ. ಬಾದಾಮಿಯ ಮೂರನೆಯ ಗುಹೆಯು 578ರಲ್ಲಿ ಆದದ್ದು. ಅಲ್ಲಿಯ ಚಿತ್ರಗಳಲ್ಲಿ ಇಂದಿಗೂ ಉಳಿದಿರುವ ಕೆಂಪನ್ನು ಹುಡುಗನಿಗೆ ತೋರಿಸಬೇಕೆಂದಿದ್ದೇನೆ. ಕಳೆದ ವಾರ ಅವನು ಹಿತ್ತಲಿನ ಶಂಖಪುಷ್ಪವನ್ನು ಕಿವುಚಿ ನೀಲಿಯನ್ನು ತೆಗೆದಿದ್ದಾನೆ. ನಿಂಬೆಯ ಹನಿ ಬಿದ್ದಲ್ಲಿ ಅದು ನೇರಳೆಯಾಯಿತು. ಅದು ನಿಲ್ಲದೆಂದು ನನಗೆ ಗೊತ್ತು, ಹೇಳಿಲ್ಲ. ಅವನೇ ಪಟ್ಟಿಗೆ ತಾರೀಖು ಬರೆದು, ಅರ್ಧಕ್ಕೆ ರಟ್ಟು ಕಟ್ಟಿ, ಕಿಟಕಿಯಲ್ಲಿ ಇಟ್ಟಿದ್ದಾನೆ.